ಎರ್ಮೆಟೆಯ ಇಪ್ಪತ್ತು ನಿಮಿಷದ ಸವಾರಿ

ತಾನೊಬ್ಬ ಮೋಟಾರ್ ಸೈಕಲ್ ಸವಾರನೆಂಬ ಸಂಗತಿ ಎರ್ಮೆಟೆ ಬೊಸೆಲ್ಲಿಗೆ ಐವತ್ತೈದನೆಯ ವಯಸ್ಸಿನಲ್ಲಿ ಸರಕಾರದ ಮೂಲಕ ತಿಳಿಯಿತು. ಅಲ್ಲಿಯವರೆಗೆ ಅವನಿಗೆ ಆ ಅನುಮಾನವೂ ಬಂದಿರಲಿಲ್ಲ.

ಲೈಸೆನ್ಸು ನವೀಕರಿಸಲು ಪಾರ್ಮಾ ಪಟ್ಟಣಕ್ಕೆ ಹೋಗಿದ್ದಾಗ ಕಿಟಕಿಯಾಚೆ ಕೂತಿದ್ದ ಹೆಂಗಸು, ನಿಮಗೆ ಬೈಕಿನದೂ ಇದೆಯಲ್ಲ ಅಂದಳು. ಎಂಬತ್ತಾರನೇ ಇಸವಿಗೆ ಮೊದಲು ಕಾರಿನ ಲೈಸೆನ್ಸು ತೆಗೆದವರಿಗೆಲ್ಲ ಎಷ್ಟು ದೊಡ್ಡ ಬೈಕನ್ನಾದರೂ ಓಡಿಸುವ ಹಕ್ಕು ಕಾನೂನಿನಲ್ಲೇ ಇದೆಯಂತೆ. ಎರ್ಮೆಟೆ ತೆಗೆದದ್ದು ಎಂಬತ್ಮೂರರಲ್ಲಿ. ಅಂದರೆ ಮೂವತ್ತೇಳು ವರ್ಷಗಳಿಂದ ಅವನು ಸವಾರನೇ. ಬೈಕೊಂದು ಇರಲಿಲ್ಲ, ಅಷ್ಟೆ.

ಬೇರೆ ಯಾರಾದರೂ ಆಗಿದ್ದರೆ ನಕ್ಕು ಮನೆಗೆ ಹೋಗುತ್ತಿದ್ದರು. ಎರ್ಮೆಟೆ ಕಾಸ್ತೆಲ್‌ವೊಲ್ಪೆಯ ಪುರಸಭೆಯಲ್ಲಿ ಜನನ ಮರಣ ನೋಂದಣಿಯ ಗುಮಾಸ್ತ. ಕಾಗದದಲ್ಲಿ ಇದ್ದದ್ದು ಇದೆ, ಇಲ್ಲದ್ದು ಇಲ್ಲ ಎಂಬುದು ಅವನ ಬದುಕಿನ ನಂಬಿಕೆ. ಒಮ್ಮೆ ಗುಡ್ಡದ ಮೇಲಿನ ಮುದುಕನೊಬ್ಬ ಕಚೇರಿಗೆ ಬಂದು, ನಾನು ಸತ್ತಿದ್ದೇನೆಂದು ತಪ್ಪಾಗಿ ಬರೆದಿದ್ದೀರಿ ಎಂದು ಗಲಾಟೆ ಮಾಡಿದಾಗ, ಎರ್ಮೆಟೆ ಅವನನ್ನು ಕುರ್ಚಿ ಕೊಟ್ಟು ಕೂರಿಸಿ, ಜೀವಂತವಾಗಿರುವುದಕ್ಕೆ ದಾಖಲೆ ತಂದಿದ್ದೀರಾ ಎಂದು ಸೌಜನ್ಯದಿಂದ ಕೇಳಿದ್ದ.

ಆ ಸಂಜೆ ಕ್ಷೌರದಂಗಡಿಯ ನೆಲ್ಲೊನ ಮುಂದೆ ಅವನು ವಿಷಯವನ್ನು ಗಂಭೀರವಾಗಿ ಪ್ರಸ್ತಾಪಿಸಿದ. ನೆಲ್ಲೊ ಕತ್ತರಿ ನಿಲ್ಲಿಸಿದ.

"ಹತ್ತಿ ಕೂತಿದ್ದೀಯಾ ಯಾವತ್ತಾದ್ರೂ?"

"ಕಾನೂನು ಅದನ್ನ ಕೇಳಿಲ್ಲ," ಅಂದ ಎರ್ಮೆಟೆ.

ಅಂಗಡಿಯಲ್ಲಿದ್ದ ನಾಲ್ಕು ಜನ ನಕ್ಕರು. ಎಲ್ಲ ಶುರುವಾದದ್ದು ಆ ನಗುವಿನಿಂದ. ಹದಿನೈದನೇ ವಯಸ್ಸಿನಲ್ಲಿ ಪಾದ್ರಿ ಮಾವನ ಮೊಪೆಡ್ಡನ್ನು ಚರ್ಚಿನ ಹಿತ್ತಲಲ್ಲಿ ಎರಡು ಸುತ್ತು ಹೊಡೆಸಿದ್ದು ಬಿಟ್ಟರೆ ಅವನಿಗೆ ಎರಡು ಚಕ್ರದ ಪರಿಚಯವಿರಲಿಲ್ಲ. ಆದರೂ ಮಾರನೆಯ ದಿನದಿಂದ ಅವನು ಬೈಕುಗಳ ಕೈಪಿಡಿಗಳನ್ನು ಕಚೇರಿಯ ಕಡತಗಳ ನಡುವೆ ಇಟ್ಟುಕೊಂಡು ಓದತೊಡಗಿದ. ಒಂದೇ ತಿಂಗಳಲ್ಲಿ ಮನಸ್ಸು ಒಂದು ಗಾಡಿಯ ಮೇಲೆ ನಿಂತಿತು. ಓಟದ ಬೈಕಿನ ವೇಗ, ದೂರದ ಪ್ರಯಾಣಕ್ಕೆ ಬೇಕಾದ ಆಸನ, ಎರಡು ಪಕ್ಕಕ್ಕೂ ಪೆಟ್ಟಿಗೆ, ಮುಂದೆ ಗಾಳಿ ತಡೆಯುವ ಗಾಜು, ಬಣ್ಣ ಕೆಂಪು, ತೂಕ ಇನ್ನೂರ ಇಪ್ಪತ್ತೆಂಟು ಕಿಲೋ. ಗೇರು ಹಾಕುವ ಕ್ರಮವನ್ನು ಊಟದ ಮೇಜಿನ ಕೆಳಗೆ ಎಡಗಾಲಿನಲ್ಲಿ ಅಭ್ಯಾಸ ಮಾಡಿದ. ಚರ್ಮದ ಜಾಕೀಟಿನ ಗುಂಡಿ ಹಾಕಲು ಬರಲೆಂದು ಎರಡನೇ ಸಲ ಬಡಿಸಿಕೊಳ್ಳುವುದನ್ನು ಬಿಟ್ಟ.

ಹೆಂಡತಿ ಫೋಸ್ಕಾಳ ಬಳಿ ಒಮ್ಮೆ ಮಾತೆತ್ತಿ ನೋಡಿದ್ದ. ಮನೆಯಿಂದ ಪುರಸಭೆಗೆ ಇನ್ನೂರು ಹೆಜ್ಜೆ, ಅದಕ್ಕೆ ಯಾವ ಗಾಡಿ ಬೇಕು ಎಂದು ಅವಳು ಕೇಳಿದ್ದಳು. ಅವಳ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲವಾದ್ದರಿಂದ ಎರ್ಮೆಟೆ ಮತ್ತೆ ಆ ವಿಷಯ ಎತ್ತಲಿಲ್ಲ. ಮೇ ತಿಂಗಳ ಆ ಶನಿವಾರ ಬೆಳಿಗ್ಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿಬರುತ್ತೇನೆಂದು ಹೇಳಿ, ಕಾರು ತೆಗೆದುಕೊಂಡು ಕೆಳಪೇಟೆಯಲ್ಲಿದ್ದ ತಾರ್ಚಿಸಿಯೊನ ಬೈಕಿನ ಅಂಗಡಿಗೆ ಹೋದ.

ತಾರ್ಚಿಸಿಯೊ ಮೂವತ್ತು ವರ್ಷದಿಂದ ಬೈಕು ಮಾರುವವನು. ಗಿರಾಕಿ ಎಂಥವನೆಂದು ನಡಿಗೆಯಲ್ಲೇ ಹೇಳುತ್ತೇನೆ ಎನ್ನುತ್ತಿದ್ದ. ಆದರೆ ಎರ್ಮೆಟೆ ನಡೆಯಲಿಲ್ಲ, ಮಾತಾಡಿದ. ವಾಲ್ವುಗಳ ಅಂತರ ಎಷ್ಟು ಸಾವಿರ ಕಿಲೋಮೀಟರಿಗೆ ಸರಿಮಾಡಬೇಕು, ಹಿಂದಿನ ಟೈರಿನ ಗಾಳಿ ಒಬ್ಬರಿದ್ದಾಗ ಎಷ್ಟು, ಇಬ್ಬರಿದ್ದಾಗ ಎಷ್ಟು ಎಂದೆಲ್ಲ ಕೇಳಿ, ಉತ್ತರವನ್ನೂ ತಾನೇ ಹೇಳಿದ. ತಾರ್ಚಿಸಿಯೊಗೆ ಇವನು ಹಳೆಯ ಹುಲಿ ಅನ್ನಿಸಿತು. ಲೈಸೆನ್ಸು ನೋಡಿದ, ಓಡಿಸಿ ನೋಡಲು ಕೊಡುವ ಕಾಗದಕ್ಕೆ ಸಹಿ ಹಾಕಿಸಿಕೊಂಡ, ಗಾಡಿಯನ್ನು ತಾನೇ ಅಂಗಳದ ಗೇಟಿನವರೆಗೆ ತಂದು, ಸ್ಟ್ಯಾಂಡು ತೆಗೆದು, ಹಿಡಿದು ನಿಂತ.

"ಬಿಳಿ ಗೋಡೆಯ ಗುಡಿ ತನಕ ಹೋಗಿ, ತಿರುಗಿಸಿಕೊಂಡು ಬನ್ನಿ ಬೊಸೆಲ್ಲಿಯವರೇ. ಇಪ್ಪತ್ತು ನಿಮಿಷ. ನಿಮಗೆ ನಾನೇನು ಹೇಳೋದು."

ಹೇಳಬೇಕಾದದ್ದು ಬೇಕಾದಷ್ಟಿತ್ತು. ಆದರೆ ಕೇಳುವ ದಾರಿಯನ್ನು ಎರ್ಮೆಟೆ ತಾನೇ ಮುಚ್ಚಿಕೊಂಡಿದ್ದ.

ನಿಜ ಹೇಳಬೇಕೆಂದರೆ, ಮುಂದಕ್ಕೆ ಹೋಗುವುದು ಅವನಿಗೆ ಕಷ್ಟವಾಗಲಿಲ್ಲ. ಮೇಜಿನ ಕೆಳಗಿನ ಅಭ್ಯಾಸ ಫಲ ಕೊಟ್ಟಿತು. ರಸ್ತೆಬದಿಯ ಫಲಕದಲ್ಲಿ ಐವತ್ತು ಎಂದಿದ್ದರೆ ಐವತ್ತು, ಮೂವತ್ತು ಎಂದಿದ್ದರೆ ಮೂವತ್ತು. ಎಂಜಿನ್ನು ಕೆಳಗೆ ತೃಪ್ತಿಯಿಂದ ಗುರುಗುಟ್ಟುತ್ತಿತ್ತು. ಚೆಸ್ಟ್‌ನಟ್ ಮರಗಳ ನಡುವೆ ಆರು ಕಿಲೋಮೀಟರು ಹತ್ತಿ, ಬಿಳಿ ಗೋಡೆಯ ಗುಡಿಯ ಮುಂದೆ ನಿಂತು, ಎರ್ಮೆಟೆ ಹ್ಯಾಂಡಲ್ಲನ್ನು ಎಡಕ್ಕೆ ತಿರುಗಿಸಿದ.

ಆಗ ಆ ಇನ್ನೂರ ಇಪ್ಪತ್ತೆಂಟು ಕಿಲೋ, ಅಷ್ಟು ದಿನ ಬಾಯಲ್ಲಿ ಮಾತ್ರ ಇದ್ದದ್ದು, ಮೊದಲ ಸಲ ಅವನ ಎಡತೊಡೆಯ ಮೇಲೆ ಬಂದು ಕೂತಿತು. ಒಂದು ಪಕ್ಕ ಚರಂಡಿ, ಇನ್ನೊಂದು ಪಕ್ಕ ಬಂಡೆ, ನಡುವೆ ಇಳಿಜಾರು ರಸ್ತೆ. ಎರಡೂ ಕಾಲಿನ ಬೆರಳ ತುದಿಯಲ್ಲಿ ನಿಂತು, ಉಸಿರು ಬಿಗಿಹಿಡಿದು, ಹೇಗೋ ಗಾಡಿಯನ್ನು ನೆಟ್ಟಗೆ ಮಾಡಿಕೊಂಡ. ಇದು ತಿರುಗುವ ಜಾಗವಲ್ಲ ಎಂದು ತೀರ್ಮಾನಿಸಿದ. ಮುಂದೆ ಎಲ್ಲಾದರೂ ರಸ್ತೆ ಅಗಲವಾಗುತ್ತದೆ.

ರಸ್ತೆ ಅಗಲವಾದದ್ದು ಇಪ್ಪತ್ತು ಕಿಲೋಮೀಟರು ಆಚೆ, ಚೆಂತೋ ಕ್ರೋಚಿ ಘಟ್ಟದ ನೆತ್ತಿಯಲ್ಲಿ. ಅಲ್ಲಿ ಹೋಟೆಲಿನ ಮುಂದೆ ಆನೆಯನ್ನೂ ತಿರುಗಿಸಬಹುದಾದಷ್ಟು ಬಯಲಿತ್ತು. ಆದರೆ ಬಯಲಿನ ತುಂಬ ಸಡಿಲ ಜಲ್ಲಿ, ಜಲ್ಲಿಯ ಸುತ್ತ ಮೂವತ್ತು ಬೈಕು, ಬೈಕುಗಳ ಪಕ್ಕದಲ್ಲಿ ಬ್ರೆಡ್ಡು, ಒಣಹಂದಿಮಾಂಸ ತಿನ್ನುತ್ತ ಕೂತ ಮೂವತ್ತು ಜನ. ಎಲ್ಲರೂ ತಿನ್ನುವುದನ್ನು ನಿಲ್ಲಿಸಿ ಹೊಸ ಕೆಂಪು ಗಾಡಿಯನ್ನೇ ನೋಡುತ್ತಿದ್ದರು. ಕೆಲವರು ಎರಡು ಬೆರಳನ್ನು ನೆಲದ ಕಡೆ ಚಾಚಿದರು. ಅದು ಸವಾರರು ಒಬ್ಬರಿಗೊಬ್ಬರು ಮಾಡುವ ನಮಸ್ಕಾರ. ಕೈಪಿಡಿಗಳಲ್ಲಿ ಅದು ಬರೆದಿರಲಿಲ್ಲವಾದ್ದರಿಂದ ಎರ್ಮೆಟೆ ಗಾಡಿಯಿಂದ ಏನೋ ಬಿದ್ದಿದೆ ಅಂದುಕೊಂಡು ನೆಲ ನೋಡಿದ. ಏನೂ ಕಾಣಲಿಲ್ಲ. ಇಷ್ಟು ಜನರೆದುರು ಜಲ್ಲಿಯ ಮೇಲೆ ಮಲಗುವ ಬದಲು, ಬೇರೆಲ್ಲೋ ತುರ್ತು ಕೆಲಸವಿರುವವನ ಹಾಗೆ ತಲೆಯಾಡಿಸಿ ಮುಂದೆ ಹೋದ. ಈಗ ಇಳಿಜಾರು. ಇಳಿದರೆ ಸಮುದ್ರ.

ಇಳಿಜಾರಿನಲ್ಲಿ ಪಕ್ಕದ ಕನ್ನಡಿಯಲ್ಲಿ ಒಂದು ಬೂದು ಬೈಕು ಕಾಣಿಸಿಕೊಂಡಿತು. ಅದು ಮುಂದೆ ಹೋಗಲೂ ಇಲ್ಲ, ಹಿಂದೆ ಉಳಿಯಲೂ ಇಲ್ಲ. ಪೆಟ್ರೋಲು ಮುಗಿಯುವ ಹಳದಿ ದೀಪ ಹತ್ತಿ ಅವನು ಬಂಕಿನಲ್ಲಿ ನಿಂತಾಗ ಅದೂ ಹಿಂದೆಯೇ ಬಂದು ನಿಂತಿತು. ಸವಾರಿಣಿ ಹೆಲ್ಮೆಟ್ಟಿನ ಗಾಜೆತ್ತಿದಳು. ಐವತ್ತರ ಆಸುಪಾಸಿನ ಜರ್ಮನ್ ಹೆಂಗಸು, ಹೆಸರು ಹೈಡ್ರುನ್, ಉಲ್ಮ್ ಊರಿನಲ್ಲಿ ಶಾಲೆಗಳ ತನಿಖಾಧಿಕಾರಿ. ಇಟಲಿಯ ಭಾಷೆಯನ್ನು ಸಂಜೆಯ ತರಗತಿಯಲ್ಲಿ ಪುಸ್ತಕದಿಂದ ಕಲಿತವಳು.

"ತಾವು ಸಮುದ್ರದೆಡೆಗೆ ಗಮಿಸುತ್ತಿರುವಿರಾ?" ಎಂದು ಕೇಳಿದಳು.

ಮುಂದೆ ಬೇರೆ ದಾರಿಯೇ ಇರಲಿಲ್ಲವಾದ್ದರಿಂದ ಎರ್ಮೆಟೆ ಹೌದೆಂದ.

"ನಾನು ಮೂರು ದಿನಗಳಿಂದ ನೋಡುತ್ತಿದ್ದೇನೆ. ಈ ದೇಶದಲ್ಲಿ ಫಲಕವನ್ನು ಓದಿ ವಾಹನ ಚಲಾಯಿಸುವವರು ತಾವೊಬ್ಬರೇ. ನಾನು ತಮ್ಮನ್ನು ಹಿಂಬಾಲಿಸಬಹುದೇ?"

ಬಂಕಿನವನನ್ನು ಕರೆದು, ಸ್ವಲ್ಪ ಈ ಗಾಡಿ ತಿರುಗಿಸಿಕೊಡಪ್ಪ ಎಂದು ಕೇಳಲು ಎರ್ಮೆಟೆ ಬಾಯಿ ತೆರೆದಿದ್ದ. ಅದನ್ನು ಮುಚ್ಚಿದ. ಮೂವತ್ತೇಳು ವರ್ಷದಲ್ಲಿ ಮೊದಲ ಬಾರಿ ಯಾರೋ ಅವನನ್ನು ಸವಾರನೆಂದು ಒಪ್ಪಿಕೊಂಡಿದ್ದರು, ಅದೂ ಒಬ್ಬ ಅಧಿಕಾರಿ. ಕೂತಲ್ಲಿಂದಲೇ ದುಡ್ಡು ಕೊಟ್ಟು ಸಮುದ್ರಕ್ಕೆ ಹೊರಟ.

ಇತ್ತ ಕಾಸ್ತೆಲ್‌ವೊಲ್ಪೆಯಲ್ಲಿ ನಡೆದದ್ದು ಅವನಿಗೆ ಆಮೇಲೆ ತಿಳಿಯಿತು. ಒಂದು ಗಂಟೆ ಕಳೆದರೂ ಗಾಡಿ ಬಾರದಿದ್ದಾಗ ತಾರ್ಚಿಸಿಯೊ ಎರ್ಮೆಟೆಯ ಮೊಬೈಲಿಗೆ ಕರೆ ಮಾಡಿದ. ಅದು ಅಂಗಡಿಯೆದುರು ನಿಂತಿದ್ದ ಎರ್ಮೆಟೆಯ ಕಾರಿನೊಳಗೇ ಬಡಿದುಕೊಂಡಿತು. ಮನೆಗೆ ಫೋನು ಮಾಡಿದ. ಅವನು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಾನೆ ಅಂದಳು ಫೋಸ್ಕಾ. ಕಾರು ಇಲ್ಲಿದೆಯಮ್ಮ, ಫೋನೂ ಇಲ್ಲೇ ಇದೆ, ಅವರು ಹೊಸ ಬೈಕಿನಲ್ಲಿ ಸಮುದ್ರದ ರಸ್ತೆ ಹಿಡಿದು ಹೋದರು ಅಂದ ತಾರ್ಚಿಸಿಯೊ. ಕೆಳಮನೆಯಲ್ಲಿದ್ದ ಎರ್ಮೆಟೆಯ ಅಕ್ಕ ದೀನಾ ಹಲ್ಲಿನ ಡಾಕ್ಟರ ಸಹಾಯಕಿಗೆ ಫೋನು ಹಚ್ಚಿದಳು. ಎರ್ಮೆಟೆ ಎರಡು ವರ್ಷದಿಂದ ಆ ಕಡೆ ತಲೆ ಹಾಕಿರಲಿಲ್ಲ.

ಇಷ್ಟು ಸಾಕಾಗಿತ್ತು. ಹನ್ನೆರಡು ಗಂಟೆಗೆ ಠಾಣೆಯ ಅಧಿಕಾರಿ ಲಗಾನಾ ಫೋಸ್ಕಾಳ ಅಡಿಗೆಮನೆಯಲ್ಲಿ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ. ಅವನು ದಕ್ಷಿಣದ ಕಡೆಯವನು, ನಿಧಾನಸ್ಥ. ಕಳ್ಳತನದ ಮಾತಲ್ಲ, ಸಂಸಾರದ ವಿಷಯ ಅನ್ನಿಸುತ್ತೆ ಎಂದು ಮೊದಲೇ ಹೇಳಿ, ಇತ್ತೀಚೆಗೆ ಏನಾದರೂ ಬದಲಾವಣೆ ಕಂಡಿತ್ತಾ ಎಂದು ಕೇಳಿದ. ಫೋಸ್ಕಾ ಯೋಚಿಸಿ, ಊಟ ಕಮ್ಮಿ ಮಾಡಿದ್ದಾನೆ ಅಂದಳು. ಲಗಾನಾ ಬರೆದುಕೊಂಡ. ಹೊಸ ಕೈಗವಸು ತಂದಿದ್ದಾನೆ ಅಂದಳು. ಬರೆದುಕೊಂಡ. ಊಟಕ್ಕೆ ಕೂತಾಗ ಎಡಗಾಲು ತಾನಾಗಿ ಕುಣಿಯುತ್ತೆ, ಕರೆದರೆ ಕೇಳಿಸುವುದಿಲ್ಲ. ಲಗಾನಾ ಪೆನ್ನು ಕೆಳಗಿಟ್ಟ. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಇಷ್ಟು ಸ್ಪಷ್ಟವಾದ ಪ್ರಕರಣವನ್ನು ಅವನು ನೋಡಿರಲಿಲ್ಲ.

"ನಮ್ಮ ಮನೇಲಿ ಇಂಥ ಬುದ್ಧಿ ಯಾರಿಗೂ ಇರ್ಲಿಲ್ಲ," ಅಂದಳು ದೀನಾ. ಅವಳ ದನಿಯಲ್ಲಿ ನಾಚಿಕೆಯ ಜೊತೆಗೆ ಬೇರೊಂದು ಏನೋ ಇತ್ತು. ತಮ್ಮನ ಬಗ್ಗೆ ಮಾತಾಡಲು ಅವಳಿಗೆ ಇದುವರೆಗೆ ಏನೂ ಸಿಕ್ಕಿರಲಿಲ್ಲ.

ನೆರೆಯವರು ಬರತೊಡಗಿದರು. ಬರಿಗೈಯಲ್ಲಿ ಯಾರೂ ಬರಲಿಲ್ಲ. ದೀನಾ ಸೊಪ್ಪು ಗಿಣ್ಣು ತುಂಬಿದ ಹಿಟ್ಟಿನ ತೊರ್ತೆಲ್ಲಿ ತಂದಳು, ಎದುರುಮನೆಯವಳು ಕೋಳಿ, ಬ್ರೆಡ್ಡಿನಂಗಡಿಯವಳು ಒಂದು ಕೇಕು. ಸಾವಿನ ಮನೆಗೂ ಇಷ್ಟು ಬಂದಿರಲಿಲ್ಲ. ಹೆಂಗಸರು ಫೋಸ್ಕಾಳನ್ನು ಹೊಸ ಕಣ್ಣಿನಿಂದ ನೋಡಿದರು. ಬಿಟ್ಟು ಓಡಿಹೋಗುವಂಥ ಗಂಡನ ಜೊತೆ ಇವಳು ಇಪ್ಪತ್ತೇಳು ವರ್ಷ ಬಾಳಿದ್ದಳು, ಯಾರಿಗೂ ಗೊತ್ತೇ ಆಗಿರಲಿಲ್ಲ.

ಫೋಸ್ಕಾ ಅಳಲಿಲ್ಲ. ಎರಡು ಗಂಟೆಯ ಹೊತ್ತಿಗೆ ಮಲಗುವ ಕೋಣೆಗೆ ಹೋಗಿ ಕಂದು ಸೂಟ್‌ಕೇಸ್ ಇಳಿಸಿ, ಆರು ಜೊತೆ ಒಳಉಡುಪು, ಉಣ್ಣೆಯ ಬನಿಯನ್ನು, ರಕ್ತದೊತ್ತಡದ ಮಾತ್ರೆ, ಓದುವ ಕನ್ನಡಕ ಎಲ್ಲ ಜೋಡಿಸಿದಳು. ಗಾಡಿ ಬೇರೆಯವರದಾದ್ದರಿಂದ ಅದನ್ನು ಹಿಂದಿರುಗಿಸಲು ಅವನು ಒಮ್ಮೆ ಬಂದೇ ಬರುತ್ತಾನೆ ಎಂದು ಅವಳಿಗೆ ಖಾತ್ರಿಯಿತ್ತು. ಹೆಂಡತಿಯನ್ನು ಬಿಡಬಹುದು, ಸಹಿ ಮಾಡಿದ ಕಾಗದವನ್ನು ಬಿಡುವವನಲ್ಲ. ದೀನಾಳ ಕಾರಿನಲ್ಲಿ ಸೂಟ್‌ಕೇಸ್ ಇಟ್ಟುಕೊಂಡು ಅವಳು ತಾರ್ಚಿಸಿಯೊನ ಅಂಗಳಕ್ಕೆ ಹೋದಳು. ಊರಿನ ಕಾಲುಭಾಗ ಹಿಂದೆ ಬಂತು.

ಅಷ್ಟರಲ್ಲಿ ಸೆಸ್ತ್ರಿ ಪಟ್ಟಣದ ಹೊರಗೆ ಎರ್ಮೆಟೆಗೆ ದೇವರು ಕಂಡಿದ್ದ. ದೇವರು ಒಂದು ವೃತ್ತದ ರೂಪದಲ್ಲಿದ್ದ. ರಸ್ತೆ ತಾನಾಗಿ ದುಂಡಗೆ ತಿರುಗಿ, ಹೂವಿನ ಪಾತಿಯೊಂದನ್ನು ಸುತ್ತಿಕೊಂಡು, ಬಂದ ದಾರಿಗೇ ಮರಳುತ್ತಿತ್ತು. ಇಂಥದ್ದೊಂದು ತಮ್ಮ ಕಣಿವೆಯಲ್ಲಿ ಯಾಕಿಲ್ಲ ಎಂದು ಅವನು ಪುರಸಭೆಯ ನೌಕರನಾಗಿ ಬೇಸರಪಟ್ಟುಕೊಂಡ. ಮೊದಲ ಸುತ್ತಿನಲ್ಲಿ ಲಾರಿಯೊಂದು ಅಡ್ಡ ಬಂದು ದಾರಿ ತಪ್ಪಿತು. ಎರಡನೆಯದರಲ್ಲಿ ಫಲಕ ಓದುವಷ್ಟರಲ್ಲಿ ದಾಟಿಹೋಯಿತು. ಮೂರನೆಯ ಸುತ್ತಿನಲ್ಲಿ ಹೊರಬಿದ್ದ. ಹೈಡ್ರುನ್ ಮೂರು ಸುತ್ತನ್ನೂ ಶ್ರದ್ಧೆಯಿಂದ ಸುತ್ತಿದಳು. ಸಮುದ್ರ ಮನೆಗಳ ಹಿಂದೆಲ್ಲೋ ಇತ್ತು. ಎರ್ಮೆಟೆ ಅದನ್ನು ನೋಡಲಿಲ್ಲ, ಮೀನು ಕರಿಯುವ ವಾಸನೆ ಮಾತ್ರ ಬಂತು.

ಮೂರು ಗಂಟೆಗೆ ಹತ್ತು ನಿಮಿಷ ಇರುವಾಗ ಅವನು ತಾರ್ಚಿಸಿಯೊನ ಅಂಗಳಕ್ಕೆ ನೆಟ್ಟಗೆ ಬಂದು ನಿಂತ. ಎಂಜಿನ್ನು ಆರಿಸಿದ. ಎದುರಿಗೆ ನಲವತ್ತು ಜನ.

ಇಳಿಯಬೇಕೆಂದರೆ ಸ್ಟ್ಯಾಂಡು ಹಾಕಬೇಕು. ಬೆಳಿಗ್ಗೆ ಸ್ಟ್ಯಾಂಡು ತೆಗೆದವನು ತಾರ್ಚಿಸಿಯೊ. ಅದು ಯಾವ ಮೂಲೆಯಲ್ಲಿದೆಯೋ ಎರ್ಮೆಟೆಗೆ ಗೊತ್ತಿರಲಿಲ್ಲ. ಕಾಲಿನಿಂದ ತಡಕಿದರೆ ಗಾಡಿ ವಾಲುತ್ತಿತ್ತು. ಎರಡೂ ಕೈಯಲ್ಲಿ ಬಿಗಿಯಾಗಿ ಹ್ಯಾಂಡಲ್ಲು ಹಿಡಿದು, ಕಾಲ್ಬೆರಳ ತುದಿ ನೆಲಕ್ಕೂರಿ, ಅಲುಗಾಡದೆ ಕೂತ.

"ಕೆಳಗಿಳೀರಿ ಬೊಸೆಲ್ಲಿಯವರೇ, ಕೂತು ಮಾತಾಡೋಣ," ಅಂದ ಲಗಾನಾ.

"ಇಳಿಯೋಕಾಗಲ್ಲ," ಎಂದು ಹೆಲ್ಮೆಟ್ಟಿನೊಳಗಿಂದ ಉತ್ತರ ಬಂತು.

ಜನ ಮುಖ ಮುಖ ನೋಡಿಕೊಂಡರು. ಇಷ್ಟು ಗಟ್ಟಿ ಮನಸ್ಸು ಮಾಡಿದ್ದಾನೆಂದು ಯಾರೂ ನೆನೆಸಿರಲಿಲ್ಲ. ಅದೇ ಗಳಿಗೆಗೆ ಬೂದು ಬೈಕು ಒಳಗೆ ಬಂತು. ಹೈಡ್ರುನ್ ಇಳಿದು ಹೆಲ್ಮೆಟ್ಟು ತೆಗೆದಳು. ಹಳದಿ ಕೂದಲು ಬೆನ್ನಿನವರೆಗೆ ಬಿಚ್ಚಿಕೊಂಡಿತು. ಅವಳು ನೇರವಾಗಿ ಎರ್ಮೆಟೆಯ ಬಳಿಗೆ ಬಂದು, ಹ್ಯಾಂಡಲ್ಲಿನ ಮೇಲಿದ್ದ ಅವನ ಕೈ ಕುಲುಕಲು ನೋಡಿ, ಅದು ಬಿಡದಿದ್ದಾಗ ಹಾಗೆಯೇ ಅದರ ಮೇಲೆ ಕೈಯಿಟ್ಟಳು.

"ತಮ್ಮೊಡನೆ ಕಳೆದ ಈ ದಿನ ಅವಿಸ್ಮರಣೀಯ. ನಾಳೆಯೂ ಆಗಬಹುದೇ?"

ದೀನಾ ಪಕ್ಕದಲ್ಲಿದ್ದ ಟೈರುಗಳ ರಾಶಿಯ ಮೇಲೆ ಕೂತುಬಿಟ್ಟಳು. ಕ್ಷೌರದ ನೆಲ್ಲೊ ಟೋಪಿ ತೆಗೆದ.

ಫೋಸ್ಕಾ ಮುಂದೆ ಬಂದು ಸೂಟ್‌ಕೇಸನ್ನು ಹೈಡ್ರುನಳ ಕೈಗೆ ಕೊಟ್ಟಳು.

"ಬೆಳಿಗ್ಗೆ ಎರಡು ಮಾತ್ರೆ, ಸಂಜೆ ಒಂದು. ಸಂಜೆ ಮೇಲೆ ಈರುಳ್ಳಿ ಕೊಡ್ಬೇಡಿ, ನಿದ್ದೆ ಬರಲ್ಲ ಅವನಿಗೆ."

ಹೈಡ್ರುನ್ ಓದಿದ ಪುಸ್ತಕದಲ್ಲಿ ಈ ಪಾಠವಿರಲಿಲ್ಲ. ಇಲ್ಲಿಯ ಜನ ಅತಿಥಿಗಳಿಗೆ ಉಡುಗೊರೆ ಕೊಡುತ್ತಾರೆಂದು ಮಾತ್ರ ಓದಿದ್ದಳು. "ತುಂಬಾ ಕೃತಜ್ಞಳು," ಎಂದು ಸೂಟ್‌ಕೇಸ್ ತೆಗೆದುಕೊಂಡಳು.

ಎರ್ಮೆಟೆಗೆ ಆಗ ಅರ್ಥವಾಯಿತು. ಫೋಸ್ಕಾ ಸೂಟ್‌ಕೇಸಿನ ಜೊತೆ ಗಂಡನನ್ನೇ ಆ ಹೆಂಗಸಿಗೆ ಒಪ್ಪಿಸಿಬಿಟ್ಟಿದ್ದಾಳೆ. ಅಷ್ಟು ಜನರ ಮುಂದೆ ಅವಳ ದನಿ ನಡುಗಿರಲಿಲ್ಲ, ಆದರೆ ಕೊಟ್ಟ ಮೇಲೆ ಅವಳ ಬಲಗೈ ಖಾಲಿಯಾಗಿ ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲೇ ನಿಂತಿತ್ತು. ಅದನ್ನು ನೋಡಿ ಅವನು ಮರೆತು ಎರಡೂ ಕೈಯನ್ನು ಹ್ಯಾಂಡಲ್ಲಿನಿಂದ ತೆಗೆದು ಹೆಲ್ಮೆಟ್ಟು ಬಿಚ್ಚಲು ಹೋದ.

ಗಾಡಿ ಅವಸರ ಮಾಡಲಿಲ್ಲ. ನಿಧಾನವಾಗಿ ಎಡಕ್ಕೆ ವಾಲಿತು, ಎರ್ಮೆಟೆಯೂ ಅದರ ಜೊತೆ ವಾಲಿದ. ಕನ್ನಡಿ ಒಡೆದ ಸದ್ದು ಬಂತು. ತಾರ್ಚಿಸಿಯೊ ಕಣ್ಣು ಮುಚ್ಚಿಕೊಂಡ. ಪಕ್ಕದ ಪೆಟ್ಟಿಗೆ ನೆಲಕ್ಕೆ ಆನಿಕೊಂಡಿದ್ದರಿಂದ ಕಾಲು ಮುರಿಯಲಿಲ್ಲ, ಸಿಕ್ಕಿಕೊಂಡಿತು ಅಷ್ಟೆ. ಎಲ್ಲರಿಗಿಂತ ಮೊದಲು ಬಂದು ಬಗ್ಗಿದವಳು ಫೋಸ್ಕಾ.

"ಫೋಸ್ಕಾ," ಅಂದ ಅವನು ಅವಳಿಗೆ ಮಾತ್ರ ಕೇಳಿಸುವಂತೆ, "ತಿರುಗಿಸೋಕೆ ಬರ್ಲಿಲ್ಲ ಕಣೇ. ಗುಡಿ ಹತ್ರಾನೇ ತಿರುಗಿಸ್ಬೇಕಿತ್ತು. ಆಗ್ಲಿಲ್ಲ. ಅದಕ್ಕೆ ಮುಂದೆ ಹೋದೆ. ಅಷ್ಟೇ ಆಗಿದ್ದು."

"ಸಮುದ್ರದ ತನಕಾನಾ?"

"ಅಲ್ಲೇ ಮೊದಲು ವೃತ್ತ ಸಿಕ್ಕಿದ್ದು."

ಫೋಸ್ಕಾ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಇಪ್ಪತ್ತೇಳು ವರ್ಷದಿಂದ ಅವಳಿಗೆ ಆ ಮುಖ ಗೊತ್ತು, ಅದಕ್ಕೆ ಇಷ್ಟು ದಡ್ಡ ಸುಳ್ಳು ಕಟ್ಟಲು ಬರುವುದಿಲ್ಲ. ತಲೆಯೆತ್ತಿ ನೋಡಿದಳು. ಸುತ್ತ ನಲವತ್ತು ಜನ ಉಸಿರು ಹಿಡಿದು ನಿಂತಿದ್ದರು. ಬ್ರೆಡ್ಡಿನಂಗಡಿಯವಳಿದ್ದಳು, ಎದುರುಮನೆಯವಳಿದ್ದಳು, ಇನ್ನು ಮೂವತ್ತು ವರ್ಷ ದಿನಾ ಬೆಳಗಾದರೆ ಮುಖ ನೋಡಬೇಕಾದವರೆಲ್ಲ ಇದ್ದರು. ಅವಳು ಎದ್ದು ಲಂಗ ಕೊಡವಿಕೊಂಡಳು. ಹೈಡ್ರುನಳ ಕೈಯಿಂದ ಸೂಟ್‌ಕೇಸನ್ನು ವಾಪಸು ತೆಗೆದುಕೊಂಡಳು. ಹೈಡ್ರುನ್ ಅದಕ್ಕೂ ಕೃತಜ್ಞತೆ ಹೇಳಿದಳು.

"ಮನಸ್ಸು ಬದಲಾಯಿಸಿದ್ದಾನೆ," ಎಂದಳು ಫೋಸ್ಕಾ ಲಗಾನಾನ ಕಡೆ ತಿರುಗಿ. "ಮನೆಗೆ ಬರ್ತಾನಂತೆ. ಗಾಡಿ ಎತ್ತಿ."

ನಾಲ್ವರು ಸೇರಿ ಎತ್ತಿದರು.

ಸಂಜೆ ಮನೆಯಲ್ಲಿ ಎರ್ಮೆಟೆ ತೊರ್ತೆಲ್ಲಿ ತಿನ್ನುತ್ತ, ನಾಳೆ ನೆಲ್ಲೊನ ಅಂಗಡಿಗೆ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ ಅಂದ. ಫೋಸ್ಕಾ ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ಇಟ್ಟಳು.

"ಏನಂತ ಹೇಳ್ತೀಯ? ಬೈಕ್ ತಿರುಗಿಸೋಕೆ ಬರ್ದೆ ಇರೋ ಗಂಡ ಅಂತಾನಾ? ಬಿಟ್ಟು ಹೋಗಿ, ತಡೀಲಾರ್ದೆ ವಾಪಸ್ ಬಂದ ಅಂತ ಊರು ಅಂದುಕೊಂಡಿದೆ. ನಂಗೋಸ್ಕರ ಬಂದ ಅಂತ. ಹಾಗೇ ಇರ್ಲಿ. ನೀನು ಬಾಯಿ ಬಿಡ್ಬೇಡ."

ಅವನು ಬಾಯಿ ಬಿಡಲಿಲ್ಲ. ಅವಳು ಎರಡನೇ ಸಲ ಬಡಿಸಿದಳು. ಯಾವ ಕಾಗದದಲ್ಲೂ ಇಲ್ಲದ್ದನ್ನು ಒಪ್ಪಿಕೊಂಡು ಬದುಕುವುದು ಅವನಿಗೆ ಮೊದಲ ಕೆಲವು ದಿನ ಹಿಂಸೆಯಾಯಿತು. ಕಚೇರಿಯಲ್ಲಿ ಜನನ ಪ್ರಮಾಣಪತ್ರಕ್ಕೆ ಬಂದ ಹೆಂಗಸರು ಅವನನ್ನು ಓರೆಗಣ್ಣಿನಿಂದ ನೋಡತೊಡಗಿದರು. ನೆಲ್ಲೊ ಈಗ ಅವನನ್ನು ಬಹುವಚನದಲ್ಲಿ ಮಾತಾಡಿಸಿ, ಮೀಸೆಯನ್ನು ಹೆಚ್ಚು ಮುತುವರ್ಜಿಯಿಂದ ಕತ್ತರಿಸುತ್ತಿದ್ದ. ಒಡೆದ ಕನ್ನಡಿಗೆ ಎರ್ಮೆಟೆ ಹೊಸದನ್ನು ಹಾಕಿಸಿಕೊಟ್ಟ. ಕೆಂಪು ಗಾಡಿಯನ್ನು ತಾರ್ಚಿಸಿಯೊ ಒಬ್ಬ ಪಶುವೈದ್ಯನಿಗೆ ಮಾರಿದ, ಆದರೆ ಮೊದಲು ಅವನನ್ನು ಅಂಗಳದಲ್ಲೇ ಎಂಟು ಸಲ ಎಡಕ್ಕೂ ಬಲಕ್ಕೂ ತಿರುಗಿಸಿಕೊಂಡು ಬರಲು ಹೇಳಿದನಂತೆ. ಪಶುವೈದ್ಯನಿಗೆ ಯಾಕೆಂದು ಅರ್ಥವಾಗಲಿಲ್ಲ.

ದೀನಾ ಎರಡು ವಾರ ತಡೆದಳು. ಆಮೇಲೆ ಒಂದು ಬೆಳಿಗ್ಗೆ ಬ್ರೆಡ್ಡಿನಂಗಡಿಯ ಸಾಲಿನಲ್ಲಿ, ಆರು ಜನರ ನಡುವೆ, ನಾದಿನಿಯ ಕಿವಿಯ ಹತ್ತಿರ ಬಂದಳು. ಪಿಸುಮಾತೇನೋ ಹೌದು, ಆದರೆ ಆರು ಜನಕ್ಕೂ ಕೇಳಿಸುವ ಪಿಸುಮಾತು.

"ಅಲ್ಲ ಫೋಸ್ಕಾ, ಅಷ್ಟು ದೂರ ಹೋಗಿ ವಾಪಸ್ ಬಂದದ್ದಾದ್ರೂ ಯಾಕೆ ಅಂತ ಹೇಳಿದ್ನಾ?"

ಫೋಸ್ಕಾ ಬ್ರೆಡ್ಡನ್ನು ಚೀಲಕ್ಕೆ ಹಾಕಿಕೊಂಡಳು.

"ಭಾರ ಜಾಸ್ತಿ ಆಯ್ತಂತೆ ಅತ್ತಿಗೆ," ಅಂದಳು. "ನೆಟ್ಟಗೆ ಹೋಗ್ತಾ ಇದ್ರೆ ಏನೂ ಗೊತ್ತಾಗಲ್ವಂತೆ. ನಿಂತ ಮೇಲೆ ಮೈಮೇಲೆ ಬರುತ್ತಂತೆ."

ದೀನಾ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಬ್ರೆಡ್ಡಿನಂಗಡಿಯವಳು ಹಿಂದೆ ನಿಂತ ಗಿರಾಕಿಯನ್ನು ಎಷ್ಟು ಬೇಕೆಂದು ಕೇಳುವುದನ್ನೇ ಮರೆತಳು.